ಬಿಸಿಲೂರಿನಿಂದ ಟ್ರೋಮ್ಸೊಗೆ

ಕಲಬುರಗಿಯವರಿಗೆ ಬಿಸಿಲಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಯುಗಾದಿ ಕಳೆದರೆ ಸಾಕು, ಬೆಳಗಿನ ಹತ್ತಕ್ಕೇ ಬೀದಿಗಳು ಖಾಲಿಯಾಗುತ್ತವೆ. ಶಹಾಬಾದ್ ಕಲ್ಲು ಹಾಸಿದ ಅಂಗಳದಲ್ಲಿ ಬರಿಗಾಲಿಟ್ಟರೆ ಹೆಂಚಿನ ಮೇಲೆ ಇಟ್ಟಂತೆ. ನಮ್ಮ ಅಮ್ಮಿ ಎಪ್ಪತ್ತು ವರ್ಷ ಈ ಬಿಸಿಲನ್ನು ಬೈಯುತ್ತ, ಅದರಿಂದಲೇ ಕೆಲಸ ಮಾಡಿಸಿಕೊಳ್ಳುತ್ತ ಬದುಕಿದವರು. ಶ್ಯಾವಿಗೆ ಒಣಗುವುದು ಅದರಿಂದ, ಮೆಣಸಿನಕಾಯಿ ಒಣಗುವುದು ಅದರಿಂದ, ವರ್ಷಕ್ಕೊಮ್ಮೆ ಪೆಟ್ಟಿಗೆಯ ಬಟ್ಟೆಗಳ ನುಸಿ ಹೋಗುವುದೂ ಅದರಿಂದಲೇ. ಮಾಳಿಗೆಯ ಮೇಲೆ ನೆರಳು ಎಲ್ಲಿಗೆ ಬಂದಿದೆ ನೋಡಿ ಅಸರ್ ನಮಾಝಿನ ಹೊತ್ತು ಹೇಳಬಲ್ಲರು.

ಅಂಥವರನ್ನು ಕರೆದುಕೊಂಡು ನಾವು 2025ರ ಜನವರಿ ಎರಡನೇ ವಾರ ನಾರ್ವೆಯ ಟ್ರೋಮ್ಸೊ ಎಂಬ ಕಡಲ ಊರಿನಲ್ಲಿ ಇಳಿದೆವು. ಆ ಊರಿನಲ್ಲಿ ನವೆಂಬರ್ 27ರಿಂದ ಸೂರ್ಯ ಹುಟ್ಟಿರಲಿಲ್ಲ.

ತಂಗಿ ಅಲ್ಲಿ ಎಂಟು ವರ್ಷದಿಂದ ಇದ್ದಾಳೆ. ಭಾವ ವಿಶ್ವವಿದ್ಯಾಲಯದಲ್ಲಿ ಮೀನುಗಳ ರೋಗದ ಬಗ್ಗೆ ಸಂಶೋಧನೆ ಮಾಡುತ್ತಾರೆ, ತಂಗಿ ಒಂದು ಶಿಶುವಿಹಾರದಲ್ಲಿ ಕೆಲಸಕ್ಕಿದ್ದಾಳೆ, ಆರು ವರ್ಷದ ಮಗಳಿದ್ದಾಳೆ. ಬನ್ನಿ ಬನ್ನಿ ಎಂದು ಪ್ರತಿ ವರ್ಷ ಕರೆಯುತ್ತಿದ್ದಳು. 2024ರ ಮೇ ನಂತರ ಕರೆಯುವುದನ್ನು ನಿಲ್ಲಿಸಿದಳು. ನಾವು ಹೊರಟಿದ್ದು ಆ ಕಾರಣಕ್ಕೆ.

ಆ ಮೇ ತಿಂಗಳ ಕೊನೆಯ ವಾರ ಅಬ್ಬಾ ತೀರಿಕೊಂಡರು. ಫಜರ್‌ಗೆ ಇನ್ನೇನು ಅಝಾನ್ ಆಗಬೇಕು, ಅಷ್ಟರಲ್ಲಿ ಉಸಿರು ನಿಂತಿತು. ತಂಗಿಗೆ ಫೋನ್ ಮಾಡಿದಾಗ ಅವಳಲ್ಲಿ ರಾತ್ರಿ ಒಂದು ಗಂಟೆ. ರಾತ್ರಿ ಎಂಬುದು ಗಡಿಯಾರದ ಮಾತು. ಮೇ 20ರ ಸುಮಾರಿಗೆ ಆ ಊರಿನಲ್ಲಿ ಸೂರ್ಯ ಮುಳುಗುವುದು ನಿಂತುಬಿಟ್ಟಿರುತ್ತದೆ. ಕಿಟಕಿಯ ತುಂಬ ಬಿಸಿಲಿತ್ತಂತೆ. ಎರಡನೇ ದಿನ ಸಂಜೆಗೆ ತಲುಪುತ್ತೇನೆ, ಕಾಯಿರಿ ಎಂದಳು. ನಾವು ಕಾಯಲಿಲ್ಲ. ಅದೇ ದಿನ ಅಸರ್ ನಂತರ ದಫನ್ ಮುಗಿಯಿತು. ಅವಳು ಆಮೇಲೆ ಬರಲೂ ಇಲ್ಲ. ಬಂದು ಏನು ನೋಡಲಿ, ಮಣ್ಣನ್ನೇ ಎಂದಳು, ಅಷ್ಟೇ. ಅಮ್ಮಿಯ ಇದ್ದತ್ ಮುಗಿಯಿತು, ಮಳೆಗಾಲ ಮುಗಿಯಿತು, ತಂಗಿಯ ಫೋನುಗಳು ಹವಾಮಾನದ ವರದಿಯಂತಾದವು. ಕೊನೆಗೆ ಅಮ್ಮಿಯೇ, ನಡಿ, ಅವಳು ಬರದಿದ್ದರೆ ನಾವೇ ಹೋಗೋಣ ಎಂದರು. ಬೇಸಿಗೆಯಲ್ಲಿ ಹೋಗೋಣ, ಈಗ ಅಲ್ಲಿ ಕತ್ತಲು ಎಂದೆವು. ಕತ್ತಲು ಎಂದರೆ ಏನಾಯಿತು, ದೀಪ ಇರುವುದಿಲ್ಲವೇ ಎಂದು ಕೇಳಿದರು.

ದೀಪಗಳು ಇದ್ದವು. ಅಷ್ಟು ದೀಪಗಳನ್ನು ನಾವು ದೀಪಾವಳಿಯ ಹೊರತು ಬೇರೆಲ್ಲೂ ಕಂಡಿಲ್ಲ. ಟ್ರೋಮ್ಸೊ ಒಂದು ದ್ವೀಪದ ಮೇಲಿರುವ ಊರು. ಆರ್ಕ್ಟಿಕ್ ವೃತ್ತದಿಂದ ಸುಮಾರು 350 ಕಿಲೋಮೀಟರ್ ಉತ್ತರಕ್ಕೆ, 69 ಡಿಗ್ರಿ ದಾಟಿದ ಅಕ್ಷಾಂಶದಲ್ಲಿದೆ. ಜನ 80 ಸಾವಿರದ ಹತ್ತಿರ. 1960ರಲ್ಲಿ ಕಟ್ಟಿದ, ಒಂದು ಕಿಲೋಮೀಟರಿಗೆ ತುಸು ಹೆಚ್ಚು ಉದ್ದದ ಸೇತುವೆ ಅದನ್ನು ಪಕ್ಕದ ನೆಲಕ್ಕೆ ಜೋಡಿಸುತ್ತದೆ. ಸೇತುವೆಯ ಆ ತುದಿಯಲ್ಲಿ 1965ರ ಒಂದು ಚರ್ಚ್ ಇದೆ, ಬಿಳಿ ತ್ರಿಕೋನಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದ ಹಾಗೆ. ತಂಗಿಯ ಅಡುಗೆಮನೆಯ ಕಿಟಕಿಯಿಂದ ಹಗಲೂ ರಾತ್ರಿ ಅದು ಬೆಳಗುವುದು ಕಾಣುತ್ತದೆ. ಹಗಲು ಎಂಬ ಮಾತನ್ನು ಇಲ್ಲಿ ಅಭ್ಯಾಸಬಲದಿಂದ ಬರೆದಿದ್ದೇವೆ.

ನಾವು ಅಂದುಕೊಂಡಿದ್ದು ಎರಡು ತಪ್ಪಾದವು. ಒಂದು, ಚಳಿ. ಉತ್ತರ ಧ್ರುವದ ಹತ್ತಿರ ಎಂದರೆ ಸೊನ್ನೆಗಿಂತ ಮೂವತ್ತು ನಲವತ್ತು ಕೆಳಗೆ ಇರಬಹುದೆಂದು ಹೆದರಿದ್ದೆವು. ನಿಜವಾಗಿ ಜನವರಿಯ ಸರಾಸರಿ ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಮಾತ್ರ ಕೆಳಗೆ. ಅಟ್ಲಾಂಟಿಕ್ ಸಮುದ್ರದ ಬೆಚ್ಚನೆಯ ಪ್ರವಾಹವೊಂದು ಈ ದಡದ ಗುಂಟ ಉತ್ತರಕ್ಕೆ ಹರಿಯುತ್ತದೆ, ಬಂದರು ಹೆಪ್ಪುಗಟ್ಟುವುದೇ ಇಲ್ಲ. ಎಲ್ಲೋ ಸಾವಿರಾರು ಮೈಲಿ ದೂರದ ಬಿಸಿಲು ನೀರಿನೊಳಗೆ ಅಡಗಿ ಇಲ್ಲಿಯವರೆಗೆ ಬರುತ್ತದೆ ಎಂದು ಭಾವ ವಿವರಿಸಿದಾಗ ಅಮ್ಮಿ ತಲೆದೂಗಿದರು. ಎರಡನೆಯದು, ಕತ್ತಲು. ಬೆಳಗಿನ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಅಲ್ಲಿ ಕತ್ತಲಿರುವುದಿಲ್ಲ. ಸೂರ್ಯ ದಿಗಂತದ ಕೆಳಗೇ ಹಾದುಹೋಗುವಾಗ ಹಿಮ, ಗುಡ್ಡ, ಸಮುದ್ರ ಎಲ್ಲವೂ ನೀಲಿಯಾಗುತ್ತವೆ. ದಕ್ಷಿಣದ ಅಂಚಿನಲ್ಲಿ ಗುಲಾಬಿ ಬಣ್ಣದ ಒಂದು ಗೆರೆ ಮೂಡಿ, ಈಗ ಬರುತ್ತಾನೆ ಈಗ ಬರುತ್ತಾನೆ ಎನ್ನಿಸಿ, ಹಾಗೆಯೇ ಆರಿಹೋಗುತ್ತದೆ. ಮೊದಲ ದಿನ ಅಮ್ಮಿ ಒಂದೂವರೆ ಗಂಟೆ ಕಿಟಕಿಯಲ್ಲಿ ಕುಳಿತು, ಮದುವೆ ಮನೆಗೆ ಬಾರದ ನೆಂಟರಿಗಾಗಿ ಕಾದವರಂತೆ ಎದ್ದುಬಂದರು.

ಅಲ್ಲಿನ ಮನೆಗಳಲ್ಲಿ ಪರದೆ ಎಳೆಯುವುದಿಲ್ಲ. ಪ್ರತಿ ಕಿಟಕಿಯಲ್ಲಿ ಒಂದು ದೀಪ, ಕಾಗದದ ನಕ್ಷತ್ರ, ಮೇಣದಬತ್ತಿಗಳ ಸಾಲು. ದಾರಿಹೋಕರಿಗೆ ಒಳಗಿನ ಊಟದ ಮೇಜು, ಪುಸ್ತಕದ ಕಪಾಟು, ಕೂದಲು ಬಾಚಿಕೊಳ್ಳುವವರು ಎಲ್ಲ ಕಾಣುತ್ತಾರೆ. ಮೊದಲಿಗೆ ಅಮ್ಮಿಗೆ ಇದು ಸರಿಬರಲಿಲ್ಲ. ನಾಲ್ಕು ದಿನದ ಮೇಲೆ, ಪಾಪ, ಬೆಳಕನ್ನು ಬೀದಿಗೂ ಸ್ವಲ್ಪ ಕೊಡುತ್ತಾರೆ ಎಂದರು. ಬೂಟಿನ ತಳಕ್ಕೆ ಮುಳ್ಳಿನ ಪಟ್ಟಿ ಕಟ್ಟಿಕೊಂಡು, ಮಂಜುಗಡ್ಡೆಯ ಮೇಲೆ ಮೊಮ್ಮಗಳ ಕೈ ಹಿಡಿದು ನಡೆಯುವುದನ್ನೂ ಕಲಿತರು. ಮೊಮ್ಮಗಳು ಅವರಿಗೆ ದಖನಿಯಲ್ಲಿಯೇ ಮಾತಾಡುತ್ತಾಳೆ, ಸಿಟ್ಟು ಬಂದಾಗ ಮಾತ್ರ ನಾರ್ವೀಜಿಯನ್. ಸೂರ್ಯನಿಗೆ ಅವಳು ಸೂಲ್ ಎನ್ನುತ್ತಾಳೆ, ಈ ಕತ್ತಲ ಕಾಲಕ್ಕೆ ಮೊರ್ಕೆತೀದ್ ಎನ್ನುತ್ತಾಳೆ. ಅಮ್ಮಿ ಆ ಎರಡನೇ ಶಬ್ದವನ್ನು ಮುರ್ಕತಿ ಮಾಡಿ ಬಳಸತೊಡಗಿದರು.

ನಮಾಝಿನ ವಿಷಯ ಬಂದೇ ಬರಬೇಕಲ್ಲ. ಸೂರ್ಯ ಹುಟ್ಟದ, ಮುಳುಗದ ಊರಿನಲ್ಲಿ ಫಜರ್ ಯಾವುದು, ಮಗ್ರಿಬ್ ಯಾವುದು? ಇದು ಹೊಸ ಪ್ರಶ್ನೆಯಲ್ಲ. ಒಂದು ದಿನ ಒಂದು ವರ್ಷದಷ್ಟು ಉದ್ದವಾದರೆ ಒಂದೇ ದಿನದ ನಮಾಝ್ ಸಾಕೇ ಎಂದು ಸಹಾಬಿಗಳು ಕೇಳಿದ್ದರು, ಸಾಲದು, ಅಂದಾಜು ಹಿಡಿದುಕೊಳ್ಳಿ ಎಂಬ ಉತ್ತರ ಸಿಕ್ಕಿತೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. 922ರಲ್ಲಿ ಬಗ್ದಾದಿನಿಂದ ವೋಲ್ಗಾ ನದಿಯ ಬುಲ್ಗರರ ನಾಡಿಗೆ ಹೋದ ಇಬ್ನ್ ಫದ್ಲಾನ್, ಅಲ್ಲಿನ ಬೇಸಿಗೆಯ ರಾತ್ರಿ ಎಷ್ಟು ಚಿಕ್ಕದೆಂದು ಬೆರಗಾಗಿ ಬರೆದಿದ್ದಾನೆ. ಇಬ್ನ್ ಬತೂತನೂ ಆ ಚಿಕ್ಕ ರಾತ್ರಿಯ ಬಗ್ಗೆ ಬರೆದಿದ್ದಾನೆ. ಅದರಾಚೆಗೆ ಕತ್ತಲ ನಾಡೊಂದಿದೆ, ನಲವತ್ತು ದಿನದ ದಾರಿ, ಕಷ್ಟಕ್ಕೆ ತಕ್ಕ ಲಾಭವಿಲ್ಲವೆಂದು ಹೋಗಲಿಲ್ಲ ಎನ್ನುತ್ತಾನೆ. ನಮ್ಮ ಹೊನ್ನಾವರಕ್ಕೆ ಬಂದು ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದು ಎಣಿಸಿ ಬರೆದ ಅದೇ ಇಬ್ನ್ ಬತೂತ. ಹೊನ್ನಾವರ ಕಂಡವನು ಬಿಟ್ಟುಬಂದ ಕತ್ತಲ ನಾಡಿನ ಕಡೆಗೆ ಕಲಬುರಗಿಯ ಅಮ್ಮಿ ವಿಮಾನದಲ್ಲಿ ಹೋದರು ಎಂದು ತಮಾಷೆ ಮಾಡಿದೆವು. ಅವರು ನಗಲಿಲ್ಲ.

ಟ್ರೋಮ್ಸೊದಲ್ಲಿ ಮಸೀದಿಯಿದೆ. ಸೋಮಾಲಿಯಾದವರು, ಅರಬರು, ಅಫ್ಘಾನರು, ಕೆಲವರು ನಾರ್ವೆಯವರೇ. ಬೇಸಿಗೆಯಲ್ಲಿ ಬಿದ್ದ ರಮಝಾನ್‌ಗಳಲ್ಲಿ ಸೂರ್ಯ ಮುಳುಗದಿದ್ದಾಗ ಅವರು ಮಕ್ಕಾದ ವೇಳೆ ಹಿಡಿದು ಉಪವಾಸ ಮಾಡಿದ್ದುಂಟು. ತಂಗಿಯ ಮನೆಯ ಫ್ರಿಜ್ಜಿನ ಮೇಲೆ ಮಸೀದಿಯ ವೇಳಾಪಟ್ಟಿ ಅಂಟಿಸಿತ್ತು, ಅದರಂತೆ ಎಲ್ಲರೂ ನಮಾಝ್ ಮಾಡುತ್ತಿದ್ದೆವು. ಅಮ್ಮಿ ಮಾತ್ರ ಒಂದೂ ಮಾತಾಡದೆ ಬೇರೆ ಲೆಕ್ಕ ಇಟ್ಟುಕೊಂಡಿದ್ದರು. ಅಬ್ಬಾನ ಹಳೆಯ ಎಚ್ಎಂಟಿ ಗಡಿಯಾರ ಅವರ ಕೈಯಲ್ಲಿತ್ತು. ಅದನ್ನು ಕಲಬುರಗಿಯ ವೇಳೆಯಿಂದ ಅವರು ತಿರುಗಿಸಿಯೇ ಇರಲಿಲ್ಲ. ನಾಲ್ಕೂವರೆ ಗಂಟೆಯ ಅಂತರ. ಊರಿನಲ್ಲಿ ಫಜರ್ ಆಗುವಾಗ, ಅಂದರೆ ಇಲ್ಲಿ ರಾತ್ರಿ ಒಂದು ದಾಟಿದಾಗ, ಎದ್ದು ವುಝೂ ಮಾಡುತ್ತಿದ್ದರು. ಪಟ್ಟಿಯ ಪ್ರಕಾರದ ನಮಾಝ್ ಬೇರೆ, ಇದು ಬೇರೆ. ಎರಡೂ ನಡೆಯಲಿ, ನನ್ನ ಗಂಟೇನು ಹೋಗುತ್ತದೆ ಎಂಬುದು ಅವರ ವಾದ.

ಊರು ನೋಡಿದ್ದನ್ನೂ ಹೇಳಬೇಕು. ಬಂದರಿನ ಹಳೆಯ ಸುಂಕದ ಗೋದಾಮಿನಲ್ಲಿ ಧ್ರುವ ವಸ್ತುಸಂಗ್ರಹಾಲಯವಿದೆ. ಸೀಲ್ ಬೇಟೆ, ಕರಡಿ ಬೇಟೆಯ ಸಾಮಾನುಗಳೇ ಜಾಸ್ತಿ. ಅಮ್ಮಿ ಮೂಗು ಮುಚ್ಚಿಕೊಂಡು ಬೇಗ ಬೇಗ ನಡೆದರು. ವಾನಿ ವೋಲ್ಡ್‌ಸ್ಟಾಡ್ ಎಂಬ ಹೆಂಗಸಿನ ಚಿತ್ರದ ಮುಂದೆ ಮಾತ್ರ ನಿಂತರು. ಟ್ರೋಮ್ಸೊದಲ್ಲಿ ಟ್ಯಾಕ್ಸಿ ಓಡಿಸಿದ ಮೊದಲ ಮಹಿಳೆಯಂತೆ. 1932ರಲ್ಲಿ ಸ್ವಾಲ್ಬಾರ್ಡ್ ದ್ವೀಪಕ್ಕೆ ಹೋಗಿ ಚಳಿಗಾಲದ ಬೇಟೆಗೆ ನಿಂತು, ಒಂದಲ್ಲ, ಐದು ಚಳಿಗಾಲ ಕಳೆದಳು. ಮಕ್ಕಳಿದ್ದವೇ ಎಂದು ಅಮ್ಮಿ ಕೇಳಿದರು. ಇಬ್ಬರು ಗಂಡುಮಕ್ಕಳು ಎಂದಳು ತಂಗಿ. ಹೂಂ ಎಂದು ಮುಂದೆ ಹೋದರು.

ಹೊರಗೆ ಅಮುಂಡ್ಸೆನ್‌ನ ಪ್ರತಿಮೆ. 1911ರಲ್ಲಿ ದಕ್ಷಿಣ ಧ್ರುವ ಮುಟ್ಟಿದ ಮೊದಲಿಗ. 1928ರ ಜೂನ್ 18ರಂದು, ಅಪಘಾತಕ್ಕೀಡಾದ ಇಟಲಿಯ ವಾಯುನೌಕೆಯವರನ್ನು ಹುಡುಕಲು ಇದೇ ಊರಿನಿಂದ ವಿಮಾನ ಹತ್ತಿದವನು ಮರಳಲಿಲ್ಲ. ಆ ವಾಯುನೌಕೆಯ ನಾಯಕ ನೋಬಿಲೆ ಬದುಕಿ ಬಂದ. ಹುಡುಕಲು ಹೋದವನ ದೇಹ ಸಿಗಲೇ ಇಲ್ಲ.

"ಹಾಗಾದರೆ ಕಬರ್ ಇಲ್ಲವೇ?" ಎಂದು ಕೇಳಿದರು ಅಮ್ಮಿ.

ಇಲ್ಲ ಎಂದೆವು. ತಂಗಿ ಸಮುದ್ರದ ಕಡೆ ತಿರುಗಿ ನಿಂತಳು.

ಊರಿನ ಗ್ರಂಥಾಲಯ ನಮಗೆ ಎಲ್ಲಕ್ಕಿಂತ ಹಿಡಿಸಿತು. ಹಳೆಯ ಸಿನಿಮಾ ಮಂದಿರವೊಂದರ ಬಾಗಿದ ಚಾವಣಿಯನ್ನು ಉಳಿಸಿಕೊಂಡು, ಸುತ್ತ ಗಾಜು ಹಾಕಿ, 2005ರಲ್ಲಿ ತೆರೆದ ಕಟ್ಟಡ. ಅಲ್ಲಿ ಸಾಮಿ ಭಾಷೆಯ ಪುಸ್ತಕಗಳಿಗೆ ಬೇರೆ ಜಾಗವಿದೆ. ಸಾಮಿಗಳು ಆ ಉತ್ತರದ ಮೂಲ ನಿವಾಸಿಗಳು, ಅವರ ಮಾತಿನಲ್ಲಿ ಈ ಊರಿನ ಹೆಸರು ರೊಮ್ಸಾ. ನೂರು ವರ್ಷಕ್ಕೂ ಹೆಚ್ಚು ಕಾಲ ಅವರ ಮಕ್ಕಳಿಗೆ ಶಾಲೆಯಲ್ಲಿ ತಮ್ಮ ಭಾಷೆ ಬಿಡಿಸುವ ಸರ್ಕಾರಿ ನೀತಿ ನಡೆಯಿತು. ನಾರ್ವೀಜಿಯನ್ ಓದಿ ಬರೆದು ಮಾತಾಡಲು ಬಾರದವರಿಗೆ ಫಿನ್‌ಮಾರ್ಕ್ ಪ್ರಾಂತದಲ್ಲಿ ಸರ್ಕಾರಿ ಭೂಮಿ ಮಾರಬಾರದೆಂದು 1902ರಲ್ಲಿ ಕಾನೂನೇ ಬಂತು. 1989ರಲ್ಲಿ ಅವರಿಗೆ ತಮ್ಮದೇ ಸಾಮಿ ಸಂಸತ್ತು ಸಿಕ್ಕಿತು, 1997ರಲ್ಲಿ ರಾಜ ಹರಾಲ್ಡ್ ಅಲ್ಲಿ ನಿಂತು ಕ್ಷಮೆ ಕೇಳಿದ. ಸತ್ಯಶೋಧನಾ ಆಯೋಗದ ವರದಿ 2023ರಲ್ಲಿ ಬಂದ ಮೇಲೆ, ನಾವು ಹೋಗುವ ಎರಡು ತಿಂಗಳ ಮುಂಚೆ, 2024ರ ನವೆಂಬರ್ 12ರಂದು, ದೇಶದ ಸಂಸತ್ತೂ ಕ್ಷಮೆ ಕೇಳಿತ್ತು. ಕ್ಷಮೆಯಿಂದ ಮರೆತ ಮಾತು ಬಾಯಿಗೆ ಬರುತ್ತದೆಯೇ ಎಂಬ ಅನುಮಾನ ನಮ್ಮದು. ಆದರೆ ಕೇಳದೇ ಇರುವುದಕ್ಕಿಂತ ವಾಸಿ ಎಂದು ತಂಗಿ ಹೇಳಿದಳು. ಯಾರನ್ನು ನೋಡಿ ಹೇಳಿದಳು ಎಂಬುದು ನಮಗೆ ತಿಳಿಯಿತು.

ಆ ಕಪಾಟಿನಲ್ಲಿ ನಿಲ್ಸ್ ಅಸ್ಲಾಕ್ ವಾಲ್ಕೆಯಾಪಾ ಎಂಬ ಸಾಮಿ ಕವಿಯ ದೊಡ್ಡ ಪುಸ್ತಕವಿತ್ತು. 1991ರಲ್ಲಿ ಉತ್ತರ ದೇಶಗಳ ಸಾಹಿತ್ಯ ಪ್ರಶಸ್ತಿ ಪಡೆದದ್ದು. ಹೆಸರಿನ ಅರ್ಥ 'ಸೂರ್ಯ, ನನ್ನ ತಂದೆ'. ಕವಿ ತನ್ನ ಜನರ ಹಳೆಯ ಛಾಯಾಚಿತ್ರಗಳನ್ನು ಬೇರೆ ಬೇರೆ ದೇಶಗಳ ಸಂಗ್ರಹಗಳಿಂದ ಹುಡುಕಿ ತಂದು ಪದ್ಯಗಳ ನಡುವೆ ಇಟ್ಟಿದ್ದಾನೆ. ಆ ಚಿತ್ರಗಳು ಮೂಲ ಸಾಮಿ ಪುಸ್ತಕದಲ್ಲಿ ಮಾತ್ರ ಇವೆ, ಅನುವಾದಗಳಲ್ಲಿಲ್ಲ. ಮನೆಯವರಿಗೆ ಮಾತ್ರ ತೋರಿಸುವ ಆಲ್ಬಮ್ಮಿನಂತೆ. ಉರ್ದುವಿನಲ್ಲಿ ಅಕ್ಷರ ಕಲಿತು ಕನ್ನಡದಲ್ಲಿ ಕಥೆ ಬರೆಯುವ ನಮಗೆ ಇದು ಬಹಳ ಹೊತ್ತು ತಲೆಯಲ್ಲಿ ಸುತ್ತಿತು. ನಾವು ಬರೆದ ಕಥೆಗಳನ್ನು ಅಮ್ಮಿ ಓದಲಾರರು, ಯಾರಾದರೂ ಓದಿ ಹೇಳಬೇಕು. ಅಬ್ಬಾ ಓದಿ ಹೇಳುತ್ತಿದ್ದರು.

ನಾವು ಹೋದ ಐದನೇ ದಿನ ಕೆಳಗಿನ ಮನೆಯ ಮುದುಕಿ ತೀರಿಕೊಂಡರು. ತಂಗಿ ಮೆಟ್ಟಿಲಲ್ಲಿ ಅವರ ಮಗಳನ್ನು ಅಪ್ಪಿಕೊಂಡು ಬಂದಳು. ಅಮ್ಮಿ ತಲೆಗೆ ಸೆರಗು ಎಳೆದುಕೊಂಡು, ಯಾವಾಗ ಮಣ್ಣು ಮಾಡುತ್ತಾರೆ, ನಾವೂ ಹೋಗಿ ಬರೋಣ ಎಂದರು.

"ಮುಂದಿನ ವಾರ."

"ಮುಂದಿನ ವಾರವೇ? ಅಲ್ಲಿಯತನಕ?"

ಇಲ್ಲಿನ ಕಾನೂನಿನಲ್ಲಿ ಹತ್ತು ಕೆಲಸದ ದಿನಗಳ ಅವಕಾಶವಿದೆ, ದೂರದ ಮಕ್ಕಳೆಲ್ಲ ಬರಲಿ ಎಂದು ಕಾಯುತ್ತಾರೆ ಎಂದಳು ತಂಗಿ. ಅವಳ ದನಿ ಮೆತ್ತಗಿತ್ತು. ದೂರದ ಮಕ್ಕಳು ಎಂಬುದನ್ನು ಒತ್ತಿ ಹೇಳಲಿಲ್ಲ, ಒತ್ತಿ ಹೇಳಬೇಕಾಗಿಯೂ ಇರಲಿಲ್ಲ. ಭಾವ ತಟ್ಟನೆ ಕಾಡ್ ಮೀನಿನ ಬಗ್ಗೆ ಮಾತು ತೆಗೆದರು. ಜನವರಿಯಿಂದ ಅವು ಮೊಟ್ಟೆಯಿಡಲು ದಡಕ್ಕೆ ಬರುತ್ತವೆ, ಆ ಮೀನು, ಅದರ ಯಕೃತ್ತು, ಅದರ ತತ್ತಿ ಮೂರನ್ನೂ ಸೇರಿಸಿ ತಿನ್ನುವುದು ಈ ಕಾಲದ ಊಟ, ಬಿಸಿಲು ಕೊಡದ ಜೀವಸತ್ವ ಅದರಿಂದ ಸಿಗುತ್ತದೆ, ಇತ್ಯಾದಿ. ಯಾರೂ ಕೇಳಿಸಿಕೊಳ್ಳಲಿಲ್ಲ.

ಆ ರಾತ್ರಿ ಒಂದು ಗಂಟೆಗೆ ಎಚ್ಚರವಾದಾಗ ಅಡುಗೆಮನೆಯಲ್ಲಿ ದೀಪವಿತ್ತು. ಅಮ್ಮಿ ವುಝೂ ಮಾಡಿ ಕುಳಿತಿದ್ದರು, ಎದುರಿಗೆ ತಂಗಿ. ಅವಳಿಗೆ ಅಮ್ಮಿಯ ಕಲಬುರಗಿ ಫಜರ್ ಬಗ್ಗೆ ಆಗಲೇ ಗೊತ್ತಾದದ್ದು. ಗಡಿಯಾರ ಮೇಜಿನ ಮೇಲಿತ್ತು. ನಾವು ಹೋಗಿ ಮೂರನೇ ಕುರ್ಚಿಯಲ್ಲಿ ಕುಳಿತೆವು.

"ಐಸ್ ಪೆಟ್ಟಿಗೆ ಸಿಗುತ್ತಿರಲಿಲ್ಲವೇ ಭಾಯಿ?" ಎಂದಳು ತಂಗಿ. ಎಂಟು ತಿಂಗಳಲ್ಲಿ ಮೊದಲ ಸಲ ಕೇಳಿದ್ದು.

ಉರ್ದು ಶಾಲೆಯಲ್ಲಿ ಓದಿದವರಿಗೆ ಒಂದು ಅನುಕೂಲವಿದೆ. ಒಬ್ಬರೇ ಇದ್ದರೂ ಹಮ್ ಎನ್ನಬಹುದು. ಆ ಶಬ್ದದ ಹಿಂದೆ ಇಡೀ ಮೊಹಲ್ಲಾ ನಿಂತುಕೊಳ್ಳುತ್ತದೆ. 43 ಡಿಗ್ರಿ ಬಿಸಿಲಿತ್ತು, ಹಿರಿಯರು ತಡ ಬೇಡವೆಂದರು, ತಡಮಾಡದಿರುವುದೇ ಒಳ್ಳೆಯದಲ್ಲವೇ, ನಾವು ಎಲ್ಲ ಸೇರಿ ತೀರ್ಮಾನ ಮಾಡಿದೆವು ಎಂದೆವು.

"ನಾವು ಅಂದರೆ ಯಾರು?" ಎಂದರು ಅಮ್ಮಿ.

ಓದುಗರು ಈ ಬರಹದಲ್ಲೂ ಅದೇ ಶಬ್ದವನ್ನು ಗಮನಿಸಿರಬೇಕು. ಅಭ್ಯಾಸ ಬಿಡುವುದಿಲ್ಲ. ಅಮ್ಮಿ ಆ ದಿನ ಏನನ್ನೂ ಹೇಳುವ ಸ್ಥಿತಿಯಲ್ಲಿರಲಿಲ್ಲ. ಚಿಕ್ಕಪ್ಪ, ಹುಡುಗಿಗೆ ಕಾಯೋಣವೇ, ಪೆಟ್ಟಿಗೆ ಬಾಡಿಗೆಗೆ ಸಿಗುತ್ತದೆ ಎಂದು ಎರಡು ಸಲ ಕೇಳಿದ್ದರು. ಹಿರಿಯರು ನಿಮ್ಮ ಇಷ್ಟ ಎಂದಿದ್ದರು. ಬೇಡ ಎಂದದ್ದು ಹಿರಿಯ ಮಗ. ಬಿಸಿಲೂ ಕಾರಣವಲ್ಲ, ಧರ್ಮವೂ ಕಾರಣವಲ್ಲ. ಫ್ಯಾನ್ ಜೋರಾದರೆ ಕೆಮ್ಮುತ್ತಿದ್ದ ಮನುಷ್ಯನನ್ನು ಎರಡು ರಾತ್ರಿ ಆ ಗಾಜಿನ ಪೆಟ್ಟಿಗೆಯಲ್ಲಿ, ಮನೆಯ ನಡುವೆ, ನೋಡುತ್ತ ಕೂರುವ ಧೈರ್ಯ ಇರಲಿಲ್ಲ. ಬೇಗ ಮುಗಿಯಲಿ ಎನಿಸಿತ್ತು. ಅದನ್ನು ಆ ಅಡುಗೆಮನೆಯಲ್ಲಿ, ಹೆಚ್ಚುಕಡಿಮೆ ಈ ಮಾತುಗಳಲ್ಲೇ, ಹೇಳಬೇಕಾಯಿತು.

ತಂಗಿ ಏನೂ ಅನ್ನಲಿಲ್ಲ. ಎದ್ದು ಚಹಾಕ್ಕೆ ನೀರಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಬೆನ್ನು ತಿರುಗಿಸಿಕೊಂಡೇ, ನೀನು ಫೋನ್ ಇಟ್ಟ ಮೇಲೆ ಬಿಸಿಲಲ್ಲಿ ಇದೇ ಕಿಟಕಿಯ ಹತ್ತಿರ ನಿಂತಿದ್ದೆ, ಕತ್ತಲಾದರೂ ಆಗಬಾರದೇ ಅನ್ನಿಸಿತು ಎಂದಳು. ಅಮ್ಮಿ ಗಡಿಯಾರ ನೋಡಿ, ಹೊತ್ತು ಮೀರುತ್ತದೆ ಎಂದು ಚಾಪೆ ಹಾಸಿದರು. ತಂಗಿ ಕೇಳದೆಯೇ ಅವರ ಪಕ್ಕಕ್ಕೆ ಹೋಗಿ ನಿಂತಳು. ನಾವು ಚಹಾ ಉಕ್ಕದಂತೆ ನೋಡಿಕೊಂಡೆವು.

ಧ್ರುವಪ್ರಭೆ ನೋಡಿದಿರಾ ಎಂದು ಊರಿಗೆ ಬಂದ ಮೇಲೆ ಎಲ್ಲರೂ ಕೇಳುತ್ತಾರೆ. ನೋಡಿದೆವು. ಎರಡು ರಾತ್ರಿ. ಹಸಿರು ಬಟ್ಟೆಯನ್ನು ಯಾರೋ ಆಕಾಶದಲ್ಲಿ ಝಾಡಿಸಿದ ಹಾಗೆ. ಸೂರ್ಯನಿಂದ ಬಂದ ಕಣಗಳು ನೂರು ಕಿಲೋಮೀಟರಿಗೂ ಎತ್ತರದಲ್ಲಿ ಗಾಳಿಯ ಆಮ್ಲಜನಕಕ್ಕೆ ತಾಗಿ ಹೊಳೆಯುತ್ತವಂತೆ. ಅದಕ್ಕೆ ಸಿಳ್ಳೆ ಹಾಕಬಾರದು, ಎತ್ತಿಕೊಂಡು ಹೋಗುತ್ತದೆ ಎಂದು ಮೊಮ್ಮಗಳು ಎಚ್ಚರಿಸಿದಳು. ಚಂದವಿತ್ತು, ಆದರೆ ಅಮ್ಮಿಗೆ ಬೇಕಾಗಿದ್ದದ್ದು ಬೇರೆ.

ಜನವರಿ 21 ಅಲ್ಲಿ ಸೂರ್ಯನ ದಿನ. ಲೆಕ್ಕದ ಪ್ರಕಾರ ಸೂರ್ಯ ಅದಕ್ಕೂ ಒಂದು ವಾರ ಮುಂಚೆಯೇ ದಿಗಂತ ದಾಟಿರುತ್ತಾನೆ, ಆದರೆ ದಕ್ಷಿಣಕ್ಕೆ ಗುಡ್ಡಗಳಿವೆ, ಅವುಗಳ ನಡುವಿನಿಂದ ಊರಿಗೆ ಮುಖ ತೋರಿಸುವುದು ಆ ದಿನ. ಶಾಲೆಯ ಮಕ್ಕಳು ಹೊರಗೆ ನಿಂತು ಹಾಡುತ್ತಾರೆ. ಬೇಕರಿಗಳ ಮುಂದೆ ಸಾಲು. ಒಳಗೆ ಜಾಮ್ ತುಂಬಿದ, ಎಣ್ಣೆಯಲ್ಲಿ ಕರಿದ ದುಂಡನೆಯ ಬನ್ನು, ಸೂಲ್‌ಬೊಲ್ಲೆ ಎಂದು ಹೆಸರು. ನಾವೂ ಹನ್ನೊಂದೂವರೆಗೆ ಗುಡ್ಡದ ಬದಿಗೆ ಹೋಗಿ ನಿಂತೆವು. ಮೋಡ. ಒಂದು ಗಂಟೆಯವರೆಗೂ ಮೋಡ. ಜನ ಬೇಸರ ಮಾಡಿಕೊಳ್ಳದೆ ಬನ್ನು ತಿಂದು ಹೋದರು. ಅಮ್ಮಿಯೂ ಒಂದು ತಿಂದರು, ಸಕ್ಕರೆ ಜಾಸ್ತಿಯಾಯಿತು ಎಂದರು.

ಮೂರನೇ ದಿನ ನಾವು ಊರಿಗೆ ಹೊರಡುವುದಿತ್ತು. ಎರಡನೇ ದಿನ ಮೋಡ ಸರಿಯಿತು. ಅಮ್ಮಿ ಜೋಳದ ರೊಟ್ಟಿ ತಟ್ಟುತ್ತಿದ್ದರು; ಊರಿನಿಂದ ಐದು ಕಿಲೋ ಹಿಟ್ಟು ಹೊತ್ತು ತಂದಿದ್ದೆವು. ಹನ್ನೆರಡರ ಹೊತ್ತಿಗೆ ಎದುರಿನ ಗೋಡೆಯ ಮೇಲೆ ಕಿತ್ತಳೆ ಬಣ್ಣದ ಪಟ್ಟಿಯೊಂದು ಬಿತ್ತು. ಮೊಮ್ಮಗಳು ಸೂಲ್ ಸೂಲ್ ಎಂದು ಕಿರುಚಿದಳು. ಅಮ್ಮಿ ಹಿಟ್ಟಿನ ಕೈಯಲ್ಲೇ ಬಾಲ್ಕನಿಗೆ ಬಂದರು. ಗುಡ್ಡಗಳ ಸಂದಿನಲ್ಲಿ ಸೂರ್ಯ, ಮೇಲಿನ ಅಂಚು ಮಾತ್ರ. ಶಾಖ ಇರಲೇ ಇಲ್ಲ. ಅವರು ಒಂದು ಕ್ಷಣ ಕಣ್ಣು ಕಿರಿದು ಮಾಡಿ ನೋಡಿ, ತಂಗಿಗೆ, "ಆ ಶಾಲು ತಾ, ಉಣ್ಣೆಗೆ ಬಿಸಿಲು ತೋರಿಸದಿದ್ದರೆ ನುಸಿ ಬೀಳುತ್ತದೆ" ಎಂದರು.

ಅಬ್ಬಾನ ಕಂದು ಶಾಲು. ಬಂದ ದಿನವೇ ಅಮ್ಮಿ ಅದನ್ನು ತಂಗಿಯ ಕೈಗೆ ಕೊಟ್ಟಿದ್ದರು. ಅವಳು ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚದೆ ಕಪಾಟಿನ ಮೇಲೆ ಇಟ್ಟಿದ್ದಳು. ಈಗ ಹೋಗಿ ತಂದಳು, ಚೀಲ ಹರಿದಳು, ಸ್ವಲ್ಪ ಹೊತ್ತು ಮುಖದ ಹತ್ತಿರ ಹಿಡಿದುಕೊಂಡಳು, ಆಮೇಲೆ ಬಾಲ್ಕನಿಯ ಕಂಬಿಯ ಮೇಲೆ ಹರವಿದಳು. ಗಾಳಿಯಿತ್ತು. ಒಂದು ತುದಿ ಅವಳು ಹಿಡಿದಳು, ಇನ್ನೊಂದು ತುದಿ ನಾವು.

ಬಹಳವೆಂದರೆ ಏಳೆಂಟು ನಿಮಿಷ. ಬೆಳಕು ಗೋಡೆಯಿಂದ ಸರಿದು, ಶಾಲಿನ ಮೇಲಿಂದ ಸರಿದು, ಪಕ್ಕದ ಮನೆಯ ಚಾವಣಿಗೆ ಹೋಯಿತು. ಒಳಗಿನಿಂದ ಅಮ್ಮಿ, ರೊಟ್ಟಿ ಆರುತ್ತಿದೆ, ಬನ್ನಿ ಎಂದು ಕೂಗಿದರು. ತಂಗಿ ತನ್ನ ತುದಿಯನ್ನು ಇನ್ನೂ ಬಿಟ್ಟಿರಲಿಲ್ಲ.